ನಕ್ಷೆಯನ್ನು ಸಂಡಾಸದಿಂದ ಶುರು ಮಾಡಿ

ಕಲಬುರಗಿ, ಬೀದರ್, ಯಾದಗಿರಿ ಜಿಲ್ಲೆಗಳಲ್ಲಿ ಬಸ್ ನಿಲ್ದಾಣಗಳ ನಕ್ಷೆ ಬರೆಯುವ, ಮಂಜೂರು ಮಾಡುವ ಎಂಜಿನಿಯರರಿಗೆ ಮತ್ತು ಅಧಿಕಾರಿಗಳಿಗೆ,

ಮಾನ್ಯರೇ, ನಮಸ್ಕಾರ.

ನಾನು ಡಿಪ್ಲೊಮಾ ಮಕ್ಕಳಿಗೆ ಸಿವಿಲ್ ಪಾಠ ಮಾಡುವವಳು. ಮನೆ ಯಾದಗಿರಿ. ಕೆಲಸ, ಆಸ್ಪತ್ರೆ, ಮದುವೆ, ಸಾವು ಅಂತ ಕಲಬುರಗಿ, ಬೀದರ್ ಕಡೆ ಓಡಾಟ ಎಲ್ಲ ಬಸ್ಸಿನಲ್ಲೇ. ಹಾಗಾಗಿ ಬಸ್ ಸ್ಟ್ಯಾಂಡಿನ ಶೌಚಾಲಯವನ್ನು ಕಾಗದದ ಮೇಲೂ ನೋಡಿದ್ದೇನೆ, ಒಳಗೆ ನಿಂತು ಒಂದು ಕಾಲಿನಿಂದ ಬಾಗಿಲು ಒತ್ತಿ ಹಿಡಿದೂ ನೋಡಿದ್ದೇನೆ.

ಗಲೀಜಿನ ಬಗ್ಗೆ ದೂರು ಕೊಡೋಕೆ ಈ ಪತ್ರ ಬರೆಯುತ್ತಿಲ್ಲ. ಆ ದೂರನ್ನು ನೀವು ಸಾಕಷ್ಟು ಕೇಳಿರುತ್ತೀರಿ. ಅದಕ್ಕೆ ಸಿಗುವ ಉತ್ತರವೂ ಎಲ್ಲರಿಗೂ ಗೊತ್ತು: "ನಾವು ಕಟ್ಟಿಸಿ ಕೊಟ್ಟಿದ್ದೇವೆ, ಜನರಿಗೆ ಬಳಸೋಕೆ ಬರಲ್ಲ." ಜನರದ್ದೂ ತಪ್ಪಿದೆ. ಹೊಸ ಟೈಲ್ಸ್ ಮೇಲೆ ಗುಟ್ಕಾ ಉಗುಳುವವರ ಪರವಾಗಿ ನಾನು ಮಾತಾಡುವುದಿಲ್ಲ. ಆದರೆ ಜನರ ತಲೆಗೆ ಕಟ್ಟುವ ಎಷ್ಟೋ ತಪ್ಪುಗಳು ಪಾಯ ತೋಡುವ ಮುಂಚೆಯೇ ಆಗಿಹೋಗಿರುತ್ತವೆ. ಅವು ನಕ್ಷೆಯಲ್ಲಿ ಆದ ತಪ್ಪುಗಳು.

ನಿಲ್ದಾಣದ ನಕ್ಷೆ ಹೇಗೆ ತಯಾರಾಗುತ್ತದೆ ಅಂತ ನಿಮಗೆ ನಾನು ಹೇಳಬೇಕಿಲ್ಲ. ಮೊದಲು ಪ್ಲಾಟ್‌ಫಾರ್ಮ್, ಆಮೇಲೆ ಬಸ್ಸು ತಿರುಗೋಕೆ ಜಾಗ. ಆಮೇಲೆ ಬಾಡಿಗೆ ಬರುವ ಅಂಗಡಿ ಮಳಿಗೆ, ಕ್ಯಾಂಟೀನು, ವಿಚಾರಣೆ ಕೊಠಡಿ. ಎಲ್ಲ ಮುಗಿದ ಮೇಲೆ ಕಾಂಪೌಂಡ್ ಗೋಡೆ ಹತ್ತಿರ ಒಂದು ಮೂಲೆ ಉಳಿದಿರುತ್ತದೆ, ಅಲ್ಲಿ ಶೌಚಾಲಯ. ವಾಸನೆ ಬರುತ್ತದೆ, ಹಿಂದೆ ಇರಲಿ ಅಂತ ಒಂದು ನೆಪ. ಹಿಂದೆ ಇಟ್ಟ ಮೇಲೆ ಅಲ್ಲಿ ಬೆಳಕಿಲ್ಲ, ಜನರ ಓಡಾಟವಿಲ್ಲ. ರಾತ್ರಿ ಬಸ್ಸಿಗೆ ಕಾಯುವ ಹೆಣ್ಣುಮಗಳು ಆ ಕಡೆ ತಲೆ ಹಾಕುವುದಿಲ್ಲ. ಕಲಬುರಗಿಯಿಂದ ಬೆಂಗಳೂರಿಗೆ ರಾತ್ರಿಯಿಡೀ ಪ್ರಯಾಣ. ಹೊರಡುವ ಮುಂಚೆ ಒಮ್ಮೆ ಹೋಗಿ ಬರೋಣ ಅಂದರೆ ಆ ಕತ್ತಲೆ ದಾಟಬೇಕು.

ನಾನು ಕೇಳುವುದು ಇಷ್ಟೇ. ಮುಂದಿನ ನಿಲ್ದಾಣದ ನಕ್ಷೆಯಲ್ಲಿ ಮೊದಲ ಗೆರೆ ಶೌಚಾಲಯದ್ದಾಗಿರಲಿ. ತಮಾಷೆಗೆ ಹೇಳುತ್ತಿಲ್ಲ, ಎಂಜಿನಿಯರಿಂಗ್ ಲೆಕ್ಕದಲ್ಲೇ ಹೇಳುತ್ತಿದ್ದೇನೆ. ಅಂಗಡಿಯನ್ನು ಎಲ್ಲಿ ಬೇಕಾದರೂ ಇಡಬಹುದು. ಕೊಳಚೆ ಪೈಪನ್ನು ಹಾಗೆ ಇಡೋಕೆ ಬರಲ್ಲ. ಬೀದಿಯ ಮ್ಯಾನ್‌ಹೋಲ್ ಎಷ್ಟು ಆಳದಲ್ಲಿದೆಯೋ ಅಷ್ಟೇ ಅದನ್ನು ಇಳಿಸಬಹುದು. 4 ಇಂಚಿನ ಪೈಪಿಗೆ ಸುಮಾರು 40 ಅಡಿಗೆ 1 ಅಡಿ ವಾಟ, ಅಂದರೆ ಇಳಿಜಾರು, ಕೊಡಬೇಕು. ಮ್ಯಾನ್‌ಹೋಲ್ 120 ಅಡಿ ದೂರ ಇದ್ದರೆ ಅಲ್ಲಿಗೇ 3 ಅಡಿ ಹೋಯಿತು. ಆಗ ಗುತ್ತಿಗೆದಾರ ಏನು ಮಾಡುತ್ತಾನೆ? ಶೌಚಾಲಯದ ನೆಲವನ್ನೇ ಎತ್ತರಿಸುತ್ತಾನೆ. ಮುಂದೆ ಮೂರು ಮೆಟ್ಟಿಲು ಬರುತ್ತವೆ. ಮೊಣಕಾಲು ನೋವಿನ ಅಜ್ಜಿ ಆ ಮೆಟ್ಟಿಲ ಕೆಳಗೆ ನಿಂತು ಯಾರಾದರೂ ಕೈ ಕೊಡುತ್ತಾರಾ ಅಂತ ನೋಡುತ್ತಿರುತ್ತಾಳೆ.

ಮೂರು ಮೆಟ್ಟಿಲೆಂದರೆ ಒಂದೂವರೆ ಅಡಿ. 1:12 ಲೆಕ್ಕದಲ್ಲಿ, ಅಂದರೆ ಒಂದು ಅಡಿ ಏರಿಗೆ 12 ಅಡಿ ಉದ್ದ, ಅದಕ್ಕೆ 18 ಅಡಿ ಉದ್ದದ ರ್‍ಯಾಂಪ್ ಬೇಕು. ಉಳಿದ ಮೂಲೆಯಲ್ಲಿ 18 ಅಡಿ ಎಲ್ಲಿಂದ ತರುವುದು? ಹಾಗಾಗಿ ಗೋಡೆ ಏರಿದಂತೆ ಕಡಿದಾದ ಒಂದು ಸಿಮೆಂಟ್ ಇಳಿಜಾರು ಕಟ್ಟಿ, ಪಕ್ಕದಲ್ಲಿ ಗಾಲಿಕುರ್ಚಿಯ ಚಿತ್ರ ಬರೆಯುತ್ತಾರೆ. ಅದರ ಮೇಲೆ ಗಾಲಿಕುರ್ಚಿ ತಳ್ಳಿ ನೋಡಿದವರು ಯಾರೂ ಇರಲಿಕ್ಕಿಲ್ಲ. ಅಂಗವಿಕಲರ ಹಕ್ಕುಗಳ ಕಾಯ್ದೆ ಬಂದದ್ದು 2016ರಲ್ಲಿ. ಬಸ್ ನಿಲ್ದಾಣದ ಶೌಚಾಲಯ ಅವರಿಗೂ ಬಳಸುವಂತಿರಬೇಕು ಅಂತ ಅದರಲ್ಲಿ ಬರೆದೇ ಇದೆ. 900 ಮಿ.ಮೀ. ಬಾಗಿಲು, ಒಳಗೆ ಕುರ್ಚಿ ತಿರುಗೋಕೆ 1500 ಮಿ.ಮೀ. ಜಾಗ, ಹೊರಗೆ ತೆರೆಯುವ ಬಾಗಿಲು. ಇವು ನಿಮಗೆ ಬಾಯಿಪಾಠ. ಆದರೂ ಆ ಕೊಠಡಿ ಕೊನೆಗೆ ಪೊರಕೆ, ಫಿನಾಯಿಲ್ ಇಡುವ ಜಾಗ ಆಗುತ್ತದೆ. ಯಾಕೆಂದರೆ ಪೊರಕೆ ಇಡೋಕೆ ನಕ್ಷೆಯಲ್ಲಿ ಬೇರೆ ಜಾಗ ಕೊಟ್ಟಿರಲಿಲ್ಲ.

ಇನ್ನು ಮಣ್ಣಿನ ಮಾತು. ಮೂರು ಜಿಲ್ಲೆಗೂ ಒಂದೇ ಮಾದರಿ ನಕ್ಷೆ ಕಳಿಸುವವರು ಈ ಮೂರು ಊರಲ್ಲಿ ಒಂದೊಂದು ಗುಂಡಿ ತೋಡಿಸಿ ನೋಡಬೇಕು. ಕಲಬುರಗಿ ಕಡೆ ಎರೆ ಮಣ್ಣು. ಮಳೆಗಾಲದಲ್ಲಿ ಉಬ್ಬುತ್ತದೆ, ಬೇಸಿಗೆಯಲ್ಲಿ ಕೈ ಹೋಗುವಷ್ಟು ಬಿರುಕು ಬಿಡುತ್ತದೆ. ಅದರೊಳಗೆ ಹೂತ ಪೈಪಿನ ಜಾಯಿಂಟು ಪ್ರತಿ ವರ್ಷ ಮೇಲೆ ಕೆಳಗೆ ಆಡುತ್ತದೆ. ಬಿಗಿಯಾಗಿ ಸಿಮೆಂಟ್ ಹಾಕಿದ ಜಾಯಿಂಟು ಬಿರಿದೇ ಬಿರಿಯುತ್ತದೆ. ಅಡಿಯಲ್ಲಿ ಮರಳು ಹಾಸಿ, ರಬ್ಬರ್ ರಿಂಗಿನ ಜಾಯಿಂಟು ಕೊಟ್ಟರೆ ಸ್ವಲ್ಪ ಆಡಿದರೂ ತಡೆಯುತ್ತದೆ. ಇನ್ನು ಆ ಮಣ್ಣಿನಲ್ಲಿ ಇಂಗುಗುಂಡಿ ತೋಡುವುದು ದುಡ್ಡು ದಂಡ. ಒದ್ದೆಯಾಗಿ ಉಬ್ಬಿದ ಎರೆ ಮಣ್ಣಿನಲ್ಲಿ ನೀರು ಇಂಗುವುದು ತೀರಾ ಕಡಿಮೆ. ಎರಡು ಮಳೆ ಆದ ಮೇಲೆ ಗುಂಡಿ ತುಂಬಿ ಪ್ಯಾನ್‌ನಲ್ಲೇ ನೀರು ಮೇಲೆ ಬರುತ್ತದೆ. ಆಗ ಬಾಗಿಲಿಗೆ ಕೀಲಿ.

ಬೀದರ್ ಊರು ಕೂತಿರುವುದು ಮುರ ಕಲ್ಲಿನ ಮೇಲೆ. ಅಲ್ಲಿ ಕಥೆ ಉಲ್ಟಾ. ಆ ಕಲ್ಲಿನ ಸಂದಿಯಲ್ಲಿ ನೀರು ಸರಾಗವಾಗಿ ಹರಿಯುತ್ತದೆ. ನೌಬಾದ್ ಹತ್ತಿರ ಬಹಮನಿ ಕಾಲದ ಕರೇಜ್, ಅಂದರೆ ನೆಲದಡಿಯ ನೀರಿನ ಸುರಂಗ, ಕೆಲಸ ಮಾಡಿದ್ದು ಆ ಗುಣದಿಂದಲೇ. ಅಲ್ಲಿ ಇಂಗುಗುಂಡಿ ಚೆನ್ನಾಗಿ ಇಂಗುತ್ತದೆ, ಬೇಕಾದದ್ದಕ್ಕಿಂತ ಚೆನ್ನಾಗಿ. ಕೊಳಚೆ ಸೀದಾ ಪಕ್ಕದ ಬಾವಿಗೂ ಹೋಗಬಹುದು. ನಮ್ಮ ಯಾದಗಿರಿಯಲ್ಲಿ ಸ್ವಲ್ಪ ತೋಡಿದರೆ ಎಷ್ಟೋ ಕಡೆ ಬಂಡೆಗಲ್ಲೇ ಸಿಗುತ್ತದೆ, ಆಳಕ್ಕೆ ಹೋಗೋಕೆ ಖರ್ಚು ಜಾಸ್ತಿ. ಒಂದೇ ನಕ್ಷೆ ಮೂರೂ ಕಡೆ ಹೇಗೆ ಸರಿಹೋದೀತು?

ವಾಸನೆಗೆ ಬರೋಣ. ವಾಸನೆ ಅಂದರೆ ತೊಳೆದಿಲ್ಲ ಅಂತ ಎಲ್ಲರೂ ಅಂದುಕೊಳ್ಳುತ್ತಾರೆ. ಅರ್ಧ ನಿಜ. ಇನ್ನರ್ಧ ನಾನಿ ಟ್ರ್ಯಾಪಿನಲ್ಲಿದೆ, ಅಂದರೆ ನೆಲದ ನೀರು ಹೋಗುವ ತೂತಿನ ಕೆಳಗಿನ ಬಾಗಿದ ಪೈಪಿನಲ್ಲಿ. ನೆಲದ ಟ್ರ್ಯಾಪಿನಲ್ಲಿ ಯಾವಾಗಲೂ 50 ಮಿ.ಮೀ. ಆಸುಪಾಸು ನೀರು ನಿಂತಿರಬೇಕು. ಒಳಚರಂಡಿಯ ಗಾಳಿ ಮೇಲೆ ಬರದಂತೆ ತಡೆಯುವುದು ಆ ನೀರೇ. ನಮ್ಮಲ್ಲಿ ಏಪ್ರಿಲ್, ಮೇ ತಿಂಗಳು ಬಿಸಿಲು 42 ಡಿಗ್ರಿ ದಾಟುತ್ತದೆ. ಬಳಸದೆ ಕೀಲಿ ಹಾಕಿದ ಕೊಠಡಿಯಲ್ಲಿ ಆ ನೀರು ಕೆಲವೇ ದಿನದಲ್ಲಿ ಒಣಗುತ್ತದೆ. ಆಮೇಲೆ ಇಡೀ ಸಾಲು ನಾರುತ್ತದೆ. ಪಕ್ಕದ ಕೊಠಡಿಯನ್ನು ಎಷ್ಟು ತೊಳೆದರೂ ಹೋಗಲ್ಲ. ಆರು ಕೊಠಡಿ ಕಟ್ಟಿ ಮೂರಕ್ಕೆ ಕೀಲಿ ಹಾಕಿದ್ದು ನೀವೂ ನೋಡಿರುತ್ತೀರಿ, ಅಲ್ವಾ? ಕೀಲಿ ಹಾಕಿದ ಆ ಮೂರು ತೆರೆದ ಮೂರನ್ನೂ ಕೆಡಿಸುತ್ತವೆ.

ಗಾಳಿಗೆ ಬೇರೆ ದುಡ್ಡು ಬೇಡ. ಒಳಗಿನ ಗೋಡೆ 7 ಅಡಿಗೆ ನಿಲ್ಲಿಸಿ ಚಾವಣಿ 10–11 ಅಡಿಗೆ ಎತ್ತಿದರೆ, ಹೊರಗೋಡೆಯಲ್ಲಿ ಮೇಲೆ ಸುತ್ತಲೂ ಜಾಲಿ ಬಿಟ್ಟರೆ, ಬಿಸಿ ಗಾಳಿ ತಾನಾಗಿ ಹೊರಗೆ ಹೋಗುತ್ತದೆ. ಹಗಲು ಲೈಟೂ ಬೇಡ. ಪಾರಿವಾಳ ಬರದಂತೆ ತಂತಿ ಬಲೆ ಮಾತ್ರ ಮರೆಯಬೇಡಿ, ಇಲ್ಲದಿದ್ದರೆ ಅದೇ ಇನ್ನೊಂದು ಗಲೀಜು. ಮುಂಗಾರಿನ ಗಾಳಿ ಪಶ್ಚಿಮ, ನೈಋತ್ಯದಿಂದ ಬೀಸುತ್ತದೆ. ಶೌಚಾಲಯ ಕಾಯುವ ಹಾಲಿನ ಪೂರ್ವಕ್ಕೋ ಈಶಾನ್ಯಕ್ಕೋ ಇದ್ದರೆ ಆ ತಿಂಗಳುಗಳಲ್ಲಿ ವಾಸನೆ ಆಚೆಗೆ ಹೋಗುತ್ತದೆ. ಹೀಗೆ ಇಟ್ಟರೆ "ವಾಸನೆ ಬರುತ್ತದೆ, ಹಿಂದೆ ಇರಲಿ" ಅನ್ನುವ ನೆಪವೂ ಉಳಿಯಲ್ಲ. ಬಾಗಿಲ ದಾರಿ ಪ್ಲಾಟ್‌ಫಾರ್ಮಿನಿಂದ, ಕಂಟ್ರೋಲರ್ ಕೂರುವ ಜಾಗದಿಂದ ಕಾಣುವಂತೆ ಇಡಬಹುದು. ಒಳಗೆ ಕಾಣದಂತೆ ಒಂದು ಅಡ್ಡ ಗೋಡೆ ಸಾಕು.

ಈಗ ಹೆಂಗಸರ ಕಡೆಯ ಲೆಕ್ಕ. ಇದರ ಬಗ್ಗೆ ಸ್ವಲ್ಪ ಜಾಸ್ತಿ ಬರೆಯುತ್ತೇನೆ, ಬೇಜಾರು ಮಾಡಿಕೊಳ್ಳಬೇಡಿ.

ನಕ್ಷೆಯಲ್ಲಿ ಗಂಡಸರಿಗೊಂದು ಚೌಕ, ಹೆಂಗಸರಿಗೊಂದು ಚೌಕ, ಎರಡೂ ಒಂದೇ ಅಳತೆ. ನೋಡೋಕೆ ಸಮಪಾಲು. ಗಂಡಸರ ಚೌಕದಲ್ಲಿ ಮೂರು ಕೊಠಡಿ, ಗೋಡೆ ಉದ್ದಕ್ಕೂ ಏಳೆಂಟು ಮೂತ್ರದ ಬೇಸಿನ್ನು. ಅಂದರೆ ಒಮ್ಮೆಗೆ ಹತ್ತು ಹನ್ನೊಂದು ಜನ. ಅಷ್ಟೇ ಜಾಗದಲ್ಲಿ ಹೆಂಗಸರಿಗೆ ಆರು ಕೊಠಡಿ, ಒಮ್ಮೆಗೆ ಆರು ಜನ. ಅದರ ಮೇಲೆ ಸೀರೆ, ಚೂಡಿದಾರ, ಕಂಕುಳಲ್ಲಿ ಕೂಸು, ತಿಂಗಳ ಮುಟ್ಟು. ಹೊತ್ತು ಜಾಸ್ತಿ ಬೇಕೇ ಬೇಕು. ಕಂಡಕ್ಟರ್ ಹೇಳುವುದು "ಹತ್ತು ನಿಮಿಷ". ಸಾಲು ನೋಡಿಯೇ ಎಷ್ಟೋ ಹೆಂಗಸರು ತಿರುಗಿ ಬಂದು ಸೀಟಿನಲ್ಲಿ ಕೂರುತ್ತಾರೆ. ಮರುಸಲ ಹೊರಡುವ ಮುಂಚೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಆ ಬಿಸಿಲಲ್ಲಿ ನೀರು ಬಿಟ್ಟರೆ ಏನಾಗುತ್ತದೆ ಅಂತ ಉರಿಮೂತ್ರ ಬಂದವರನ್ನು ಕೇಳಿ.

2023ರ ಜೂನ್ 11ರಂದು ಶಕ್ತಿ ಯೋಜನೆ ಶುರುವಾಯಿತು. ಅಂದಿನಿಂದ ನಮ್ಮ ಬಸ್ಸುಗಳಲ್ಲಿ ಹೆಂಗಸರ ಸಂಖ್ಯೆ ಹೇಗೆ ಏರಿದೆ ಅಂತ ಬಸ್ಸು ಹತ್ತಿದ ಯಾರಿಗಾದರೂ ಗೊತ್ತು. ಹೆಂಗಸರ ಚೌಕ ಮಾತ್ರ ಮೊದಲಿನಷ್ಟೇ ಇದೆ. ಬಸ್ಸಿನಲ್ಲಿ ಟಿಕೆಟ್ ದುಡ್ಡಿಲ್ಲ, ಇಳಿದ ಮೇಲೆ ಎಷ್ಟೋ ಕಡೆ ಮೂತ್ರಕ್ಕೆ ದುಡ್ಡು. ಒಂದು ನಿಲ್ದಾಣದಲ್ಲಿ ಗಂಡಸರು ಹಾಗೇ ಒಳಗೆ ಹೋಗಿ ಬರುತ್ತಿದ್ದರು, ನಮ್ಮನ್ನು ಮಾತ್ರ ಮೇಜಿನ ಹತ್ತಿರ ನಿಲ್ಲಿಸಿ ದುಡ್ಡು ಕೇಳುತ್ತಿದ್ದರು. ಯಾಕಪ್ಪಾ ಅಂದರೆ, "ಹೆಂಗಸರು ಯಾವುದಕ್ಕೆ ಹೋಗ್ತಾರೋ ನಮಗೇನು ಗೊತ್ತಮ್ಮ" ಅಂದ! ದುಡ್ಡು ತೆಗೆದುಕೊಳ್ಳುವುದಕ್ಕೇ ನನ್ನ ವಿರೋಧವಿಲ್ಲ. ಬಿಂದೇಶ್ವರ ಪಾಠಕ್ ಅವರ ಸುಲಭ್ ಸಂಸ್ಥೆ 1974ರಲ್ಲಿ ಪಟ್ನಾದಲ್ಲಿ ಕಾಸು ಕೊಟ್ಟು ಬಳಸುವ ಶೌಚಾಲಯ ಶುರು ಮಾಡಿತು. ಬಾಗಿಲಲ್ಲಿ ಒಬ್ಬರು ಕೂತಿದ್ದರೆ ಒಳಗೆ ನೀರು, ಪೊರಕೆ ಇರುತ್ತದೆ ಅಂತ ಅದು ತೋರಿಸಿತು. ತೆಗೆದುಕೊಳ್ಳುವುದಾದರೆ ಇಬ್ಬರಿಂದಲೂ ತೆಗೆದುಕೊಳ್ಳಿ, ಇಲ್ಲದಿದ್ದರೆ ಇಬ್ಬರಿಗೂ ಬಿಡಿ. ಹೆಂಗಸರ ಬಾಗಿಲಲ್ಲಿ ಹೆಂಗಸನ್ನೇ ಕೂರಿಸಿ.

ಗಂಡಸರ ಕಡೆ ಕೊಠಡಿ, ಬೇಸಿನ್ನು ಎಲ್ಲ ಸೇರಿ ಎಷ್ಟಿದೆಯೋ, ಹೆಂಗಸರಿಗೆ ಕಡಿಮೆಯೆಂದರೂ ಅಷ್ಟು ಕೊಠಡಿ ಇರಲಿ. ನಡುವೆ ಒಂದು ಸಾಲು ಎರಡೂ ಕಡೆಗೆ ಬಾಗಿಲಿರುವಂತೆ ಕಟ್ಟಿದರೆ ಇನ್ನೂ ಒಳ್ಳೆಯದು. ಗಾಣಗಾಪುರದ ಹುಣ್ಣಿಮೆ, ಶರಣಬಸವೇಶ್ವರರ ಜಾತ್ರೆ, ಬಂದೇ ನವಾಜರ ಉರುಸು, ನಮ್ಮ ಮೈಲಾಪುರದ ಮಲ್ಲಯ್ಯನ ಜಾತ್ರೆ ಬಂದಾಗ ಒಂದು ಕಡೆ ಕೀಲಿ ಹಾಕಿ ಇನ್ನೊಂದು ಕಡೆ ತೆಗೆದರೆ ಆ ಸಾಲು ಹೆಂಗಸರಿಗೆ ಸಿಗುತ್ತದೆ. ಇದರ ಜೊತೆ ಯಾರು ಬೇಕಾದರೂ ಹೋಗಬಹುದಾದ ಒಂದು ದೊಡ್ಡ ಕೊಠಡಿ ಬೇಕು. ಮುದುಕಿ ಹೆಂಡತಿಯನ್ನು ಹಿಡಿದುಕೊಂಡು ಬಂದ ಗಂಡ, ಸಣ್ಣ ಮಗಳ ಜೊತೆ ಒಬ್ಬನೇ ಬಂದ ಅಪ್ಪ, ಎರಡೂ ಬಾಗಿಲಲ್ಲಿ ಬೈಸಿಕೊಳ್ಳುವ ಮಂಗಳಮುಖಿಯರು, ಇವರೆಲ್ಲ ಈಗ ಎಲ್ಲಿಗೆ ಹೋಗಬೇಕು?

ಇನ್ನು ಕೊಠಡಿಯ ಒಳಗೆ ಬನ್ನಿ. ಗುಳೆ ಹೊರಟ ಒಬ್ಬ ಹೆಣ್ಣುಮಗಳನ್ನು ನೆನೆಸಿಕೊಳ್ಳಿ. ಬಗಲಲ್ಲಿ ಕೂಸು, ಕೈಯಲ್ಲಿ ರೊಟ್ಟಿ ಗಂಟು, ಭುಜಕ್ಕೆ ಬ್ಯಾಗು. ಬ್ಯಾಗಿನಲ್ಲಿ ದುಡ್ಡಿದೆ, ಆಧಾರ್ ಕಾರ್ಡಿದೆ, ಹೊರಗೆ ಬಿಡೋಕೆ ಆಗಲ್ಲ. ನೆಲ ಪೂರ್ತಿ ಒದ್ದೆ. ಗೋಡೆಗೆ ಮೊಳೆ ಕೂಡ ಇಲ್ಲ. ಬಾಗಿಲಿನ ಚಿಲಕ ಬೀಳಲ್ಲ. ಪ್ಲಾಸ್ಟಿಕ್ ಬಾಗಿಲಿಗೆ ಸಣ್ಣ ಸ್ಕ್ರೂ ಹಾಕಿ ಕೂರಿಸಿದ ಚಿಲಕ ಅದು. ಆರು ತಿಂಗಳಲ್ಲಿ ತೂತು ದೊಡ್ಡದಾಗಿ ಸ್ಕ್ರೂ ಉದುರಿದೆ. ಚಿಲಕದ ಜಾಗದಲ್ಲಿ ಯಾರೋ ಹಸಿರು ಪ್ಲಾಸ್ಟಿಕ್ ದಾರ ಕಟ್ಟಿದ್ದಾರೆ. ಅವಳು ಬ್ಯಾಗಿನ ಪಟ್ಟಿ ಹಲ್ಲಲ್ಲಿ ಕಚ್ಚಿ, ದಾರ ಒಂದು ಕೈಯಲ್ಲಿ ಎಳೆದು, ಕೂಸನ್ನು ತೊಡೆ ಮೇಲೆ ಒತ್ತಿಕೊಂಡು ಕೂರಬೇಕು. ಎದ್ದು ನೀರು ಹಾಕೋಕೆ ಮೂರನೇ ಕೈ ಎಲ್ಲಿದೆ? ಆಮೇಲೆ ಹೊರಗೆ ಬಂದರೆ "ನೀರು ಹಾಕೋಕೆ ಬರಲ್ವಾ" ಅಂತ ಬೈಗುಳ.

ಇದಕ್ಕೆಲ್ಲ ಬೇಕಾಗುವುದು ಹಿಂದಿನ ಗೋಡೆಯಲ್ಲಿ ನಾಲ್ಕು ಅಡಿ ಎತ್ತರಕ್ಕೆ ಒಂದು ಅಡಿ ಅಗಲದ ಕಲ್ಲಿನ ಹಲಗೆ, ಎರಡು ಗಟ್ಟಿ ಕೊಕ್ಕೆ, ಕಬ್ಬಿಣದ ಚೌಕಟ್ಟಿಗೆ ಬೆಸುಗೆ ಹಾಕಿದ ಅಗುಳಿ. ಕೂತು ಏಳೋಕೆ ಹಿಡಿದುಕೊಳ್ಳಲು ಪಕ್ಕದ ಗೋಡೆಗೆ ಒಂದು ಪೈಪು. ಮುಚ್ಚಳದ ಒಂದು ಡಬ್ಬಿ. ಡಬ್ಬಿ ಇಲ್ಲದ ಕಡೆ ಪ್ಯಾಡು ಪ್ಯಾನ್ ಒಳಗೆ ಹೋಗುತ್ತದೆ, ಪೈಪು ಕಟ್ಟುತ್ತದೆ, ಕೀಲಿ ಬೀಳುತ್ತದೆ. ಕೀಲಿಯ ಕಥೆ ಮತ್ತೆ ಮತ್ತೆ ಬರುತ್ತಿದೆ, ಏನು ಮಾಡಲಿ, ಎಲ್ಲ ದಾರಿಯೂ ಅಲ್ಲಿಗೇ ಹೋಗುತ್ತದೆ.

ನೀರು ಕಡಿಮೆ ಇರುವ ಊರಿಗೆ ದೊಡ್ಡ ಫ್ಲಶ್ ಟ್ಯಾಂಕು, ಸೆನ್ಸರ್ ನಲ್ಲಿ ಬೇಡ. ನಮ್ಮ ಬೋರ್‌ವೆಲ್ ನೀರು ಗಡಸು. ಒಳಗೆ ಬಿಳಿ ಪುಡಿ ಕಟ್ಟಿ ವಾಲ್ವು ಬೇಗ ಹಿಡಿಯುತ್ತದೆ. ಸುಲಭ್‌ನವರು ಬಳಸಿದ ಆಳ ಇಳಿಜಾರಿನ ಪ್ಯಾನಿಗೆ ಒಂದೂವರೆಯಿಂದ ಎರಡು ಲೀಟರ್ ನೀರು ಸಾಕು. ಆದರೆ ಅದರ ಟ್ರ್ಯಾಪಿನಲ್ಲಿ ನಿಲ್ಲುವ ನೀರು 20 ಮಿ.ಮೀ. ಮಾತ್ರ, ಅದು ಇನ್ನೂ ಬೇಗ ಒಣಗುತ್ತದೆ. ಹಾಗಾಗಿ ಅದು ದಿನಾ ಬಳಕೆ ಇರುವ ಕಡೆಗೆ. ಚಾವಣಿ ಮೇಲಿನ ಕಪ್ಪು ಸಿಂಟೆಕ್ಸ್ ಟ್ಯಾಂಕಿಗೆ ಒಂದು ನೆರಳು ಕೊಡಿ. ಮೇ ತಿಂಗಳ ಮಧ್ಯಾಹ್ನ ಆ ನೀರು ಮೈಗೆ ತಾಗಿಸಿಕೊಂಡವರಿಗೆ ನಾನು ಹೇಳುವುದು ಅರ್ಥ ಆಗುತ್ತದೆ.

ಕೊನೆಗೆ, ತೊಳೆಯುವವರು. ನಕ್ಷೆಯಲ್ಲಿ ಅವರು ಎಲ್ಲೂ ಇರುವುದಿಲ್ಲ. ಒಂದು ನಿಲ್ದಾಣದಲ್ಲಿ ಕೆಲಸ ಮಾಡುವ ತಾಯಿಯೊಬ್ಬಳನ್ನು ಕೇಳಿದೆ, ಇದಕ್ಕೆ ಯಾಕೆ ಯಾವಾಗಲೂ ಕೀಲಿ ಅಂತ. ಅವಳು ಅಂದಳು: "ಅಕ್ಕಾರ, ಕಟ್ಟೂರು ಕಟ್ಟಿ ಹೋದ್ರು. ಪೈಪ್ ಗ್ವಾಡಿ ಒಳಗ ಹುಗದಾರ. ಬ್ಲಾಕ್ ಆದ್ರ ಗ್ವಾಡಿ ಒಡೀಬೇಕು, ಇಲ್ಲಾ ಕೀಲಿ ಹಾಕಬೇಕು. ಗ್ವಾಡಿ ಒಡ್ಯಾಕ ನಮಗ್ಯಾರು ಕೊಡ್ತಾರ?" ನಾನು ಒಂದು ಸೆಮಿಸ್ಟರ್ ಪಾಠ ಮಾಡಿದರೂ ಇಷ್ಟು ಚೆನ್ನಾಗಿ ಹೇಳೋಕೆ ಆಗುತ್ತಿರಲಿಲ್ಲ.

ಎರಡು ಸಾಲು ಕೊಠಡಿಯ ನಡುವೆ ಮೂರಡಿ ಅಗಲದ ಒಂದು ಓಣಿ ಬಿಡಿ. ಎಲ್ಲ ಪೈಪು ಅದರೊಳಗೆ ಗೋಡೆ ಹೊರಗೆ ಇರಲಿ. ಪ್ಲಂಬರ್ ಒಳಗೆ ಹೋಗಿ ಮುಚ್ಚಳ ಬಿಚ್ಚಿ ರಿಪೇರಿ ಮಾಡುತ್ತಾನೆ, ಒಂದು ಟೈಲ್ಸೂ ಒಡೆಯಬೇಕಿಲ್ಲ. ಸೆಪ್ಟಿಕ್ ಟ್ಯಾಂಕಿನ ಬಾಯಿ ಕಟ್ಟಡದ ಹೊರಗೆ, ಸಕ್ಕಿಂಗ್ ಗಾಡಿಯ ಪೈಪು ಮುಟ್ಟುವ ಕಡೆ ಇರಲಿ. ರಕ್ಷಣಾ ಸಾಧನ ಕೊಡದೆ ಅದರೊಳಗೆ ಮನುಷ್ಯರನ್ನು ಇಳಿಸಿ ಸ್ವಚ್ಛ ಮಾಡಿಸುವುದನ್ನು, ಮಲ ಹೊರುವ ಪದ್ಧತಿ ತಡೆಯೋಕೆ ಬಂದ 2013ರ ಕಾಯ್ದೆ ನಿಷೇಧಿಸಿದೆ. ಗಾಡಿ ಹೋಗದ ಸಂದಿಯಲ್ಲಿ ಟ್ಯಾಂಕ್ ಕಟ್ಟಿದ ನಕ್ಷೆ ಯಾರನ್ನೋ ಒಳಗೆ ಇಳಿಸಿಯೇ ತೀರುತ್ತದೆ. ತೊಳೆಯುವವರಿಗೆ ಬಟ್ಟೆ ಬದಲಿಸೋಕೆ, ಊಟದ ಡಬ್ಬಿ ಇಡೋಕೆ ಒಂದು ಕೋಣೆ ಬೇಕು. ಅದೇ ಕೋಣೆಯಲ್ಲಿ ಆ್ಯಸಿಡ್ ಡಬ್ಬ ಇಡಬಾರದು, ಅದಕ್ಕೆ ಬೇರೆ ಕಪಾಟು.

ಆ್ಯಸಿಡ್ ಅಂದಾಗ ಒಂದು ಮಾತು. ನಮ್ಮ ಶಹಾಬಾದ್ ಪರಸಿ ಕಲ್ಲು ನನಗೆ ತುಂಬಾ ಇಷ್ಟ. ಕಾಯುವ ಹಾಲಿಗೆ, ಪ್ಲಾಟ್‌ಫಾರ್ಮಿಗೆ ಹಾಕಿ, ತಂಪು, ಗಟ್ಟಿ, ನಮ್ಮದೇ. ಶೌಚಾಲಯದ ಒಳಗೆ ಮಾತ್ರ ಬೇಡ. ಅದು ಸುಣ್ಣದ ಕಲ್ಲು, ಆ್ಯಸಿಡ್ ಬಿದ್ದ ಕಡೆ ಬುರುಗು ಬಂದು ಸವೆಯುತ್ತದೆ. ಸವೆದ ತಗ್ಗಿನಲ್ಲಿ ಮೂತ್ರ ನಿಲ್ಲುತ್ತದೆ, ಅದನ್ನು ಹೋಗಿಸೋಕೆ ಮತ್ತೆ ಆ್ಯಸಿಡ್ ಸುರಿಯುತ್ತಾರೆ. ಒಳಗೆ ಗ್ರಾನೈಟ್ ಹಾಕಿ, ನಯ ಮಾಡದೆ ಒರಟಾಗಿಯೇ ಇಡಿ, ಕಾಲು ಜಾರಬಾರದು.

ಇಷ್ಟೆಲ್ಲ ಒಂದೇ ಸಲ ಆಗಲ್ಲ ಅಂತ ನನಗೂ ಗೊತ್ತು. ಎರಡು ಕೆಲಸ ಮಾತ್ರ ಈ ವರ್ಷವೇ ಮಾಡಿ. ಹೊಸ ನಕ್ಷೆಗೆ ಸಹಿ ಹಾಕುವ ಮುಂಚೆ ಅದನ್ನು ಹಳೆಯ ನಿಲ್ದಾಣದ ಕಾಯುವ ಹಾಲಿನಲ್ಲಿ ದೊಡ್ಡದಾಗಿ ಅಂಟಿಸಿ. ತೊಳೆಯುವವರನ್ನು, ಮಹಿಳಾ ಕಂಡಕ್ಟರ್‌ಗಳನ್ನು ಕೂರಿಸಿಕೊಂಡು ಒಂದು ತಾಸು ಕೇಳಿ. ಎರಡನೆಯದು, ಗುತ್ತಿಗೆದಾರನಿಂದ ಕಟ್ಟಡ ವಹಿಸಿಕೊಳ್ಳುವ ದಿನ ಪ್ರತಿ ಕೊಠಡಿಯ ನೆಲಕ್ಕೂ ಒಂದು ಬಕೆಟ್ ನೀರು ಸುರಿಯಿರಿ. ನೀರು ನಾನಿ ಟ್ರ್ಯಾಪಿಗೆ ಹೋಗದೆ ಮೂಲೆಯಲ್ಲಿ ನಿಂತರೆ ಬಿಲ್ಲು ಪಾಸ್ ಮಾಡಬೇಡಿ. ಗಾಲಿಕುರ್ಚಿಯಲ್ಲಿ ಒಬ್ಬರನ್ನು ಕೂರಿಸಿ ರ್‍ಯಾಂಪ್ ಹತ್ತಿಸಿ. ಚಿಲಕವನ್ನು ಜೋರಾಗಿ ಎಳೆದು ನೋಡಿ. ಸಹಾಯಕ್ಕೆ ಬೇಕಾದರೆ ನಮ್ಮ ಕೊನೆಯ ವರ್ಷದ ಹುಡುಗಿಯರನ್ನು ಕರೆದುಕೊಂಡು ಬರುತ್ತೇನೆ. ಟೇಪು ಅವರ ಹತ್ತಿರವೇ ಇದೆ, ಬಕೆಟ್ ಮಾತ್ರ ನೀವು ಕೊಡಿ.

ಇಂತಿ,
ಯಾದಗಿರಿಯಿಂದ ಒಬ್ಬ ಪ್ರಯಾಣಿಕಳು, ಸಿವಿಲ್ ವಿಭಾಗದ ಉಪನ್ಯಾಸಕಿ